ಬೆಟ್ಟ ಹತ್ತುವ ಕಾರ್ ಟ್ರಯಲ್: ಹಳಬರಿಂದ ಕಲಿಯಲು ಹೊರಟವರ ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಕೆಸರು ಗುಡ್ಡಗಳಲ್ಲಿ ವಾರಾಂತ್ಯದಲ್ಲಿ ನಡೆಯುವ ಕಾರ್ ಟ್ರಯಲ್‌ಗಳ ಬಗ್ಗೆ ಇಲ್ಲಿರುವ ಕನ್ನಡದವರು ನನ್ನನ್ನು ಕೇಳುವ ಪ್ರಶ್ನೆಗಳನ್ನು ಒಂದೆಡೆ ಸೇರಿಸಿದ್ದೇನೆ. ಎಲ್ಲರೂ ಯಾವ ಕಾರು, ಯಾವ ಟೈರ್ ಎಂಬಲ್ಲಿಂದಲೇ ಶುರು ಮಾಡುತ್ತಾರೆ. ನನ್ನ ಪ್ರಕಾರ ಮೊದಲ ವರ್ಷ ಯಾರ ಪಕ್ಕ ನಿಲ್ಲಬೇಕು, ಯಾವಾಗ ಬಾಯಿ ಬಿಡಬೇಕು ಎಂದು ಗೊತ್ತಾದರೆ ಸಾಕು. ಉತ್ತರಗಳೂ ಆ ಕಡೆಗೇ ವಾಲಿವೆ.

ಈ ಟ್ರಯಲ್ ಅಂದರೆ ಏನು? ರೇಸಾ, ರ್‍ಯಾಲಿಯಾ?

ಎರಡೂ ಅಲ್ಲ. ಕಡಿದಾದ, ಜಾರುವ ಒಂದು ಏರನ್ನು ಎಲ್ಲೂ ನಿಲ್ಲದೆ ಹತ್ತಬೇಕು, ಅಷ್ಟೇ. ಎಷ್ಟು ಬೇಗ ಹತ್ತಿದಿರಿ ಎಂದು ಸಾಮಾನ್ಯವಾಗಿ ಯಾರೂ ಗಡಿಯಾರ ಹಿಡಿದು ನೋಡುವುದಿಲ್ಲ. ಹಾಗೆ ಹತ್ತಬೇಕಾದ ಒಂದೊಂದು ಏರನ್ನೂ ಸೆಕ್ಷನ್ ಅನ್ನುತ್ತಾರೆ. ಡಾಂಬರು ರಸ್ತೆಯಲ್ಲಿ ಸೆಕೆಂಡುಗಳ ಲೆಕ್ಕದಲ್ಲಿ ನಡೆಯುವ ಹಿಲ್ ಕ್ಲೈಂಬ್ ಬೇರೆಯೇ ಆಟ. ಹೆಸರು ಕೇಳಿ ಅಲ್ಲಿಗೆ ಹೋಗಿ ಗೊಂದಲ ಮಾಡಿಕೊಂಡವರೂ ಇದ್ದಾರೆ.

ಇದು ಹಳೆಯ ಆಟ. ಮೋಟರ್ ಸೈಕ್ಲಿಂಗ್ ಕ್ಲಬ್ ಎಂಬ ಸಂಸ್ಥೆ 1901ರಲ್ಲಿ ಹುಟ್ಟಿತು. ಅದು 1904ರಲ್ಲಿ ಎಡಿನ್‌ಬರಾ ಟ್ರಯಲ್, 1908ರಲ್ಲಿ ಲ್ಯಾಂಡ್ಸ್ ಎಂಡ್ ಟ್ರಯಲ್, 1910ರಲ್ಲಿ ಎಕ್ಸೆಟರ್ ಟ್ರಯಲ್ ಆರಂಭಿಸಿತು. ಮೂರೂ ಇಂದಿಗೂ ನಡೆಯುತ್ತವೆ. ಹೆಸರಿನಲ್ಲಿ ಸೈಕಲ್ ಇದ್ದರೂ ಕಾರುಗಳೂ ಓಡುತ್ತವೆ.

ಎಷ್ಟು ಬಗೆ ಇದೆ? ಹೊಸಬರು ಯಾವುದಕ್ಕೆ ಹೋಗಬೇಕು?

ಒಂದೇ ಗುಡ್ಡದ ಮೇಲೆ ದಿನವಿಡೀ ಸುತ್ತು ಹಾಕುವ ಪ್ರೊಡಕ್ಷನ್ ಕಾರ್ ಟ್ರಯಲ್‌ಗೆ ಹೋಗಿ. ಮನೆಯಿಂದ ಓಡಿಸಿಕೊಂಡು ಬಂದ ಸಾಧಾರಣ ಕಾರುಗಳೇ ಅಲ್ಲಿ ಜಾಸ್ತಿ. ಒಂದೇ ಏರನ್ನು ಮತ್ತೆ ಮತ್ತೆ ಹತ್ತುವುದರಿಂದ, ಬೆಳಿಗ್ಗೆ ಕೇಳಿದ್ದನ್ನು ಮಧ್ಯಾಹ್ನವೇ ಪ್ರಯೋಗ ಮಾಡಿ ನೋಡಬಹುದು. ಲ್ಯಾಂಡ್ ರೋವರ್‌ನಂಥ ನಾಲ್ಕೂ ಚಕ್ರ ಎಳೆಯುವ ಗಾಡಿ ಇದ್ದರೆ ಆ ಕ್ಲಬ್‌ಗಳಲ್ಲಿ ಹೊಸಬರಿಗೆಂದೇ ಟೈರೋ ಎಂಬ ಸೌಮ್ಯ ಟ್ರಯಲ್ ಇರುತ್ತದೆ.

ಲ್ಯಾಂಡ್ಸ್ ಎಂಡ್ ತರಹದ ಕ್ಲಾಸಿಕ್ ಟ್ರಯಲ್ ಸ್ವಲ್ಪ ತಡವಾಗಿ ಬರಲಿ. ಈಸ್ಟರ್ ವಾರಾಂತ್ಯದ ಶುಕ್ರವಾರ ಹೊರಟು, ರಾತ್ರಿಯೆಲ್ಲ ಓಡಿಸಿ, ನಡುನಡುವೆ ಗುಡ್ಡ ಹತ್ತಿ, ಶನಿವಾರ ಕಾರ್ನ್‌ವಾಲ್ ಮುಟ್ಟಬೇಕು. ನಿದ್ದೆಗೆಟ್ಟ ತಲೆಗೆ ಪಾಠ ಹತ್ತುವುದಿಲ್ಲ.

ಇನ್ನು ಸ್ಪೋರ್ಟಿಂಗ್ ಟ್ರಯಲ್. ಅದರ ಕಾರುಗಳು ಆ ಆಟಕ್ಕೆಂದೇ ಕಟ್ಟಿದವು. ಎಡ, ಬಲ ಹಿಂದಿನ ಚಕ್ರಗಳಿಗೆ ಬೇರೆ ಬೇರೆ ಕೈಬ್ರೇಕ್ ಇರುತ್ತದೆ, ಫಿಡಲ್ ಬ್ರೇಕ್ ಅನ್ನುತ್ತಾರೆ. ಸುಮ್ಮನೆ ಸುತ್ತುತ್ತಿರುವ ಚಕ್ರವನ್ನು ಹಿಡಿದರೆ ಎಳೆತ ಇನ್ನೊಂದಕ್ಕೆ ಹೋಗುತ್ತದೆ. ನೋಡಲು ಹೋಗಿ, ಖುಷಿಯಾಗುತ್ತದೆ.

ಅಂಕ ಹೇಗೆ ಹಾಕುತ್ತಾರೆ?

ಏರಿನ ಉದ್ದಕ್ಕೂ ನಂಬರ್ ಬರೆದ ಗಳುಗಳನ್ನು ನೆಟ್ಟಿರುತ್ತಾರೆ. ಪ್ರೊಡಕ್ಷನ್ ಕಾರ್ ಟ್ರಯಲ್‌ಗಳಲ್ಲಿ ಸಾಮಾನ್ಯವಾಗಿ ಕೆಳಗೆ 12, ಮೇಲೆ ಹೋದಂತೆ ಇಳಿಯುತ್ತ ಬರುತ್ತದೆ. ನಿಂತ ಕಡೆಯ ನಂಬರೇ ನಿಮಗೆ ದಂಡ. ಪೂರ್ತಿ ಹತ್ತಿದರೆ ಸೊನ್ನೆ. ದಿನದ ಕೊನೆಗೆ ಕಡಿಮೆ ಅಂಕದವರು ಗೆದ್ದಂತೆ. ಮೇಲೆ ಹೇಳಿದ ಮೂರು ದೊಡ್ಡ ಕ್ಲಾಸಿಕ್‌ಗಳಲ್ಲಿ ಲೆಕ್ಕ ಬೇರೆ, ಅಲ್ಲಿ ಪದಕಗಳಿವೆ: ಒಂದೂ ತಪ್ಪದೆ ಹತ್ತಿದ ಪ್ರತಿಯೊಬ್ಬರಿಗೂ ಚಿನ್ನ. ಅಂದರೆ ಪಕ್ಕದವನನ್ನು ಸೋಲಿಸಿ ನಿಮಗೇನೂ ಆಗಬೇಕಿಲ್ಲ. ಮುಂದಿನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಹಳಬರು ನಿಜವಾಗಿಯೂ ಹೇಳಿಕೊಡುತ್ತಾರಾ? ಎದುರಾಳಿಗಳಲ್ಲವೇ?

ಹೇಳಿಕೊಡುತ್ತಾರೆ. ಅವರಾಗಿಯೇ ಬಂದು ಹೇಳುವುದಿಲ್ಲ. ಇದನ್ನು ನಮ್ಮವರು ತಪ್ಪು ತಿಳಿಯುತ್ತಾರೆ: ‘ಯಾರೂ ಮಾತಾಡಿಸಲಿಲ್ಲ, ನಮ್ಮನ್ನು ಕಂಡರೆ ಆಗುವುದಿಲ್ಲವೇನೋ’ ಎಂದು ವಾಪಸ್ ಬಂದವರನ್ನು ಕಂಡಿದ್ದೇನೆ. ಕೇಳದವರಿಗೆ ಬುದ್ಧಿ ಹೇಳುವುದು ಇಲ್ಲಿ ಒರಟುತನ. ನೀವು ಒಂದು ಪ್ರಶ್ನೆ ಕೇಳಿದರೆ ಸಾಕು, ಎಪ್ಪತ್ತು ದಾಟಿದ ಅಜ್ಜ ಗಾಳಿ ಅಳೆಯುವ ಗೇಜನ್ನು ನಿಮ್ಮ ಕೈಗೇ ಕೊಟ್ಟು ಮಂಡಿಯೂರಿ ಕೂರುತ್ತಾರೆ. ಅವರನ್ನು ಸರ್ ಎನ್ನಬೇಡಿ, ಮುಜುಗರಪಡುತ್ತಾರೆ. ಹೆಸರು ಹಿಡಿದೇ ಕರೆಯಬೇಕು. ಹಿರಿಯರನ್ನು ಹೆಸರಿಟ್ಟು ಕರೆಯಲು ನಮಗೆ ನಾಲಿಗೆ ತಡವರಿಸುತ್ತದೆ, ಬರಬರುತ್ತ ಅಭ್ಯಾಸವಾಗುತ್ತದೆ.

ಇನ್ನೊಂದು ಕಾರಣವೂ ಇದೆ. ಹೊಸಬರು ಬರದಿದ್ದರೆ ಕ್ಲಬ್ ಮುಚ್ಚುತ್ತದೆ ಎಂದು ಅವರಿಗೆ ಗೊತ್ತು.

ಯಾವಾಗ ಕೇಳಬೇಕು, ಏನೆಂದು ಕೇಳಬೇಕು?

ಕೇಳಲು ತಕ್ಕ ಜಾಗ ಕಾಯುವ ಸಾಲು. ಪ್ರತಿ ಏರಿನ ಬುಡದಲ್ಲಿ ಕಾರುಗಳು ಸಾಲಾಗಿ ಕಾಯುತ್ತವೆ, ಜನ ಇಳಿದು ಫ್ಲಾಸ್ಕಿನ ಟೀ ಕುಡಿಯುತ್ತ ನಿಂತಿರುತ್ತಾರೆ. ಒಬ್ಬರ ಸರದಿಗೆ ಇನ್ನು ಎರಡು ಮೂರು ಕಾರು ಇದೆ ಅನ್ನುವಾಗ ಅವರನ್ನು ಬಿಟ್ಟುಬಿಡಿ. ಅವರ ತಲೆ ಆಗಲೇ ಗುಡ್ಡದ ಮೇಲಿರುತ್ತದೆ. ಹತ್ತಿ ಇಳಿದು ಬಂದ ಮೇಲೆ ಹಿಡಿಯಿರಿ.

‘ಹೇಗೆ ಓಡಿಸಬೇಕು?’ ಎಂದು ಕೇಳಿದರೆ ‘ನಿಧಾನವಾಗಿ’ ಎಂಬ ಉತ್ತರ ಬರುತ್ತದೆ. ಅದರಿಂದ ಕಾಸಿನ ಪ್ರಯೋಜನವಿಲ್ಲ. ಪಳಗಿದ ಕೈಗೆ ತಾನು ಏನು ಮಾಡುತ್ತಿದೆ ಎಂದು ಬಿಡಿಸಿ ಹೇಳಲು ಬರುವುದೇ ಅಪರೂಪ. ಅದಕ್ಕೇ ನಡೆದದ್ದನ್ನೇ ಹಿಡಿದು ಕೇಳಬೇಕು: ಬೇರಿನ ಹತ್ತಿರ ಆಕ್ಸಿಲರೇಟರ್ ಬಿಟ್ಟಿರಲ್ಲ, ಯಾಕೆ? ನಾನು 4ರ ಗಳುವಿನ ಹತ್ತಿರ ನಿಂತೆ, ಹೊರಗಿನಿಂದ ಏನು ಕಾಣಿಸಿತು? ಈ ಎರಡನೆಯ ಪ್ರಶ್ನೆ ಬಹಳ ಬೆಲೆಯದು. ಒಳಗೆ ಕೂತವರಿಗೆ ಯಾವ ಚಕ್ರ ಮೊದಲು ಹಿಡಿತ ಬಿಟ್ಟಿತು ಎಂದು ತಿಳಿಯುವುದೇ ಇಲ್ಲ. ಹೊರಗೆ ನಿಂತವರಿಗೆ ಅದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ.

ಏರನ್ನು ನಡೆದು ನೋಡುವಾಗ ಅವರು ಏನು ನೋಡುತ್ತಾರೆ?

ಮೊದಲು, ನಡೆದು ನೋಡಲು ಅವಕಾಶವಿದೆಯೇ ಎಂದು ನಿಯಮ ಓದಿಕೊಳ್ಳಿ. ಒಂದೇ ಗುಡ್ಡದ ಟ್ರಯಲ್‌ಗಳಲ್ಲಿ ಸಾಮಾನ್ಯವಾಗಿ ಇರುತ್ತದೆ.

ಹೊಸಬರು ಬುಡದಿಂದ ಮೇಲಕ್ಕೆ ನೋಡುತ್ತ ಹತ್ತುತ್ತಾರೆ. ಹಳಬರು ಹತ್ತಿ, ಮೇಲಿನಿಂದ ತಿರುಗಿ ನೋಡುತ್ತಾರೆ. ತಿರುವು ಎಷ್ಟು ಬಿಗಿ, ನೆಲ ಯಾವ ಕಡೆ ವಾಲಿದೆ ಎಂಬುದು ಮೇಲಿನಿಂದ ಚೆನ್ನಾಗಿ ಕಾಣುತ್ತದೆ. ಆಮೇಲೆ ಬೂಟಿನ ಹಿಮ್ಮಡಿಯಿಂದ ನೆಲ ಒತ್ತುತ್ತಾರೆ. ಮೇಲೆ ಎರಡು ಬೆರಳು ಕೆಸರು, ಅಡಿಯಲ್ಲಿ ಗಟ್ಟಿ ಕಲ್ಲು ಇದ್ದರೆ ಒಂದು ಲೆಕ್ಕ; ಹಿಮ್ಮಡಿ ಹೂತುಕೊಂಡೇ ಹೋದರೆ ಇನ್ನೊಂದು ಲೆಕ್ಕ. ಹಸಿ ಹುಲ್ಲು ನೋಡಲು ಸಾಧು, ಅದರಷ್ಟು ಮೋಸ ಮಾಡುವುದು ಮತ್ತೊಂದಿಲ್ಲ. ಮರದ ಬುಡದ ಬೇರು ಒದ್ದೆಯಾಗಿದ್ದರೆ ಅದರ ಮೇಲೆ ಚಕ್ರ ತಿರುಗಿಸಬಾರದು. ಬಂದ ವೇಗದಲ್ಲೇ ದಾಟಿಬಿಡಬೇಕು.

ಮುಂದಿನ ಚಕ್ರ ಹೋದ ದಾರಿಯಲ್ಲೇ ಹಿಂದಿನ ಚಕ್ರ ಬರುವುದಿಲ್ಲ, ತಿರುವಿನ ಒಳಗಡೆಗೆ ಕತ್ತರಿಸುತ್ತದೆ. ಹಿಂದಿನ ಚಕ್ರ ಎಳೆಯುವ ಕಾರಿನವರು ಗಳುವಿನ ಹತ್ತಿರ ಬಗ್ಗಿ ಏನೋ ಅಳೆಯುತ್ತಿದ್ದರೆ ಇದನ್ನೇ ನೋಡುತ್ತಿರುತ್ತಾರೆ: ಎಳೆಯುವ ಚಕ್ರಕ್ಕೆ ಒಳ್ಳೆಯ ನೆಲ ಸಿಗಲಿ, ಮುಂದಿನದು ಕೆಸರಲ್ಲಿ ಹೋದರೂ ಸರಿ. ಮಧ್ಯಾಹ್ನ ಅದೇ ಏರನ್ನು ಮತ್ತೆ ನಡೆಯುತ್ತಾರೆ. ಅಷ್ಟು ಹೊತ್ತಿಗೆ ಕೊರಕಲು ಬಿದ್ದಿರುತ್ತದೆ, ಬೆಳಗಿನ ದಾರಿ ಸತ್ತಿರುತ್ತದೆ. ಕೆಲವೊಮ್ಮೆ ಉಲ್ಟಾ: ಮೇಲಿನ ಕೆಸರೆಲ್ಲ ಕಿತ್ತುಹೋಗಿ ಅಡಿಯ ಕಲ್ಲು ಕಾಣಿಸಿಕೊಂಡು, ಕೊನೆಯ ಸುತ್ತೇ ಸಲೀಸು.

ಟೈರ್ ಗಾಳಿ ಎಷ್ಟಿರಬೇಕು? ಇದೇ ದೊಡ್ಡ ಗುಟ್ಟು ಅನ್ನುತ್ತಾರಲ್ಲ?

ಗುಟ್ಟೇನಲ್ಲ. ಗಾಳಿ ಇಳಿಸಿದರೆ ಟೈರ್ ಚಪ್ಪಟೆಯಾಗಿ ನೆಲಕ್ಕೆ ಹೆಚ್ಚು ಉದ್ದಕ್ಕೆ ಅಂಟುತ್ತದೆ, ಹಿಡಿತ ಸಿಗುತ್ತದೆ. ಅತಿಯಾದರೆ ತಿರುವಿನಲ್ಲಿ ಟೈರ್ ರಿಮ್ಮಿನಿಂದ ಕಳಚಿಕೊಳ್ಳುತ್ತದೆ, ಕಲ್ಲಿಗೆ ಬಡಿದು ರಿಮ್ಮೇ ಮುರಿಯಬಹುದು. ಎಷ್ಟಕ್ಕೆ ಇಳಿಸಬಹುದು ಎಂಬ ಮಿತಿಯನ್ನು ಆಯಾ ಟ್ರಯಲ್‌ನವರೇ ವರ್ಗವಾರು ಹೇಳಿರುತ್ತಾರೆ. ಇಂಟರ್ನೆಟ್ಟಿನಲ್ಲಿ ಯಾರೋ ಹೇಳಿದ ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹಿಡಿದುಕೊಂಡು ಹೋಗಬೇಡಿ.

ಹಳಬರಿಂದ ಕಲಿಯಬೇಕಾದ್ದು ಇದರ ಸೂಕ್ಷ್ಮ. ರಸ್ತೆಯಲ್ಲಿ ಓಡಿ ಬಂದ ಟೈರ್ ಬಿಸಿಯಾಗಿರುತ್ತದೆ, ಒಳಗಿನ ಗಾಳಿ ಹಿಗ್ಗಿರುತ್ತದೆ. ಆಗ ಸರಿಯಾಗಿ ಮಿತಿಗೆ ಇಳಿಸಿದರೆ, ಸಾಲಿನಲ್ಲಿ ಅರ್ಧ ಗಂಟೆ ಚಳಿಗೆ ನಿಂತ ಮೇಲೆ ಅದು ಮಿತಿಗಿಂತ ಕೆಳಕ್ಕೆ ಹೋಗಿರುತ್ತದೆ. ಆಗ ಏರಿನ ಮೇಲೆ ನಿಗಾ ಇಡುವ ಮಾರ್ಷಲ್ ಗೇಜ್ ಹಿಡಿದು ನೋಡಿದರೆ ದಂಡ. ಅದಕ್ಕೇ ಅವರು ಬಂದ ಕೂಡಲೇ ಅರ್ಧ ಇಳಿಸಿ, ತಣ್ಣಗಾದ ಮೇಲೆ ಉಳಿದದ್ದನ್ನು ಇಳಿಸುತ್ತಾರೆ. ರಸ್ತೆಗೆ ಇಳಿಯುವ ಮೊದಲು ಮತ್ತೆ ತುಂಬಿಸಲೇಬೇಕು. ಚಪ್ಪಟೆ ಟೈರಿನಲ್ಲಿ ರಸ್ತೆ ಮೇಲೆ ಓಡಿಸುವುದು ಅಪಾಯ.

ಗಾಳಿ ಎಷ್ಟೇ ಇಳಿಸಿ, ಟೈರಿನ ಗೀರುಗಳಲ್ಲಿ ಕೆಸರು ತುಂಬಿದ್ದರೆ ವ್ಯರ್ಥ. ಏರಿನ ಬುಡದಲ್ಲಿ ಸ್ಕ್ರೂಡ್ರೈವರ್ ಹಿಡಿದು ಮೆತ್ತಗೆ ಕೆಸರು ಕೆದಕುತ್ತಿರುವವರನ್ನು ಕಂಡರೆ, ಅವರ ಹಿಂದೆಯೇ ನಿಂತು ನೋಡಿ.

ಆಕ್ಸಿಲರೇಟರ್ ಎಷ್ಟು ಒತ್ತಬೇಕು?

ಇದನ್ನು ಕಿವಿಯಿಂದ ಕಲಿಯಬೇಕು. ಗುಡ್ಡದ ನಡುವೆ ಕಣ್ಣು ಮುಚ್ಚಿ ನಿಂತು ಒಂದಾದ ಮೇಲೊಂದು ಕಾರಿನ ಸದ್ದು ಕೇಳಿ. ಹೊಸಬರ ಇಂಜಿನ್ ಚಕ್ರ ಜಾರಿದ ಕೂಡಲೇ ಕಿರುಚುತ್ತದೆ, ಯಾಕೆಂದರೆ ಕಾಲು ತಾನಾಗಿ ಇನ್ನಷ್ಟು ಒತ್ತುತ್ತದೆ. ಹಳಬರ ಇಂಜಿನ್ ಅದೇ ಜಾಗದಲ್ಲಿ ಒಂದು ಕ್ಷಣ ದನಿ ತಗ್ಗಿಸುತ್ತದೆ, ಟೈರ್ ಮತ್ತೆ ಕಚ್ಚಿಕೊಂಡ ಮೇಲೆ ಏರುತ್ತದೆ. ಜಾರುವ ಚಕ್ರ ಗುಂಡಿ ತೋಡುತ್ತದೆ, ಗುಂಡಿಗೆ ಬಿದ್ದ ಚಕ್ರ ಇನ್ನೂ ಜಾರುತ್ತದೆ. ಸಡಿಲ ಜಲ್ಲಿಯಲ್ಲಿ ಮಾತ್ರ ಕೆಲವರು ವೇಗವನ್ನೇ ನಂಬಿ ನುಗ್ಗಿಸುತ್ತಾರೆ, ಅದಕ್ಕೆ ಕಾರಿನ ಅಡಿಯೂ ಗಟ್ಟಿಯಿರಬೇಕು. ಗೇರನ್ನು ಮಾತ್ರ ಕೆಳಗೇ ತೀರ್ಮಾನಿಸಿ. ನಡು ಏರಿನಲ್ಲಿ ಕ್ಲಚ್ ಒತ್ತಿದರೆ ಕಥೆ ಅಲ್ಲಿಗೇ ಮುಗಿಯಿತು.

ರೀಸ್ಟಾರ್ಟ್ ಅಂದರೆ ಏನು? ಎಲ್ಲರೂ ಅದಕ್ಕೇ ಹೆದರುತ್ತಾರೆ?

ಹೆದರಬೇಕಾದ್ದೇ. ಏರಿನ ನಡುವೆ ಗೆರೆ ಎಳೆದಿರುತ್ತಾರೆ. ಅಲ್ಲಿ ಬೇಕೆಂದೇ ನಿಂತು, ಮಾರ್ಷಲ್ ಸನ್ನೆ ಮಾಡಿದ ಮೇಲೆ ಹಿಂದಕ್ಕೆ ಜಾರದೆ ಹೊರಡಬೇಕು. ಕಾರ್ನ್‌ವಾಲಿನ ಸೇಂಟ್ ಆಗ್ನೆಸ್ ಹತ್ತಿರ ಹಳೆಯ ತವರದ ಗಣಿಯ ಪಕ್ಕ, ಲ್ಯಾಂಡ್ಸ್ ಎಂಡ್ ಟ್ರಯಲ್‌ನ ಬ್ಲೂ ಹಿಲ್ಸ್ ಏರಿನಲ್ಲಿ, ರಾತ್ರಿಯೆಲ್ಲ ತಪ್ಪಿಲ್ಲದೆ ಬಂದವರ ಚಿನ್ನ ಕೈತಪ್ಪುವುದನ್ನು ನೋಡಲೆಂದೇ ಜನ ಸೇರುತ್ತಾರೆ.

ನಿಲ್ಲುವ ಜಾಗದಲ್ಲೇ ಅರ್ಧ ಕೆಲಸ ಮುಗಿದಿರುತ್ತದೆ. ನಿಮಗಿಂತ ಮೊದಲು ಹೋದ ಕಾರುಗಳು ತೋಡಿಟ್ಟ ಗುಂಡಿಯಲ್ಲಿ ಚಕ್ರ ಇಳಿಸಬಾರದು. ಗೆರೆಯೊಳಗೆ ಒಂದು ಅಡಿ ಆಚೆ ಈಚೆ ನಿಲ್ಲಲು ಜಾಗವಿರುತ್ತದೆ, ಹಳಬರು ಅದನ್ನು ಇಂಚಿಂಚೂ ಬಳಸುತ್ತಾರೆ. ಆಮೇಲೆ ಹ್ಯಾಂಡ್‌ಬ್ರೇಕ್ ಹಿಡಿದು, ಕ್ಲಚ್ ಕಚ್ಚುವ ಜಾಗಕ್ಕೆ ತಂದು, ಕಾರಿನ ಮೂತಿ ಸ್ವಲ್ಪ ಎದ್ದದ್ದು ತಿಳಿದ ಮೇಲೆ ಬ್ರೇಕ್ ಬಿಡುವುದು. ಬೆಣ್ಣೆಯಿಂದ ಕೂದಲು ತೆಗೆದಂತೆ ಆಗಬೇಕು.

ಪಕ್ಕದಲ್ಲಿ ಕೂತು ಹೋಗಲು ಬಿಡುತ್ತಾರಾ?

ಬಿಡುತ್ತಾರೆ. ನನ್ನನ್ನು ಕೇಳಿದರೆ ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಜೊತೆಗಾರ ಸಿಗದೆ ಒದ್ದಾಡುವ ಡ್ರೈವರ್‌ಗಳು ಪ್ರತಿ ಕ್ಲಬ್‌ನಲ್ಲೂ ಇರುತ್ತಾರೆ. ಕಾರ್ಯದರ್ಶಿಗೆ ಒಂದು ಸಾಲು ಬರೆದು ‘ಪಕ್ಕದ ಸೀಟು ಖಾಲಿ ಇದ್ದರೆ ಹೇಳಿ’ ಅನ್ನಿ.

ಸುಮ್ಮನೆ ಕೂರುವ ಕೆಲಸ ಅಲ್ಲ. ಸಾಮಾನ್ಯ ಡಿಫರೆನ್ಷಿಯಲ್ (ಎಡ, ಬಲ ಚಕ್ರಗಳಿಗೆ ಎಳೆತ ಹಂಚುವ ಭಾಗ) ಇರುವ ಕಾರಿನಲ್ಲಿ ಭಾರ ಕಡಿಮೆಯಾದ ಚಕ್ರವೇ ಸುತ್ತಿ ಎಳೆತವನ್ನೆಲ್ಲ ಹಾಳು ಮಾಡುತ್ತದೆ. ಆ ಚಕ್ರದ ಮೇಲೆ ಮೈಭಾರ ಹಾಕಬೇಕು. ಕ್ಲಾಸಿಕ್ ಟ್ರಯಲ್‌ಗಳಲ್ಲಿ ಸೀಟಿನ ಮೇಲೆ ಕುಪ್ಪಳಿಸಿ ಟೈರನ್ನು ನೆಲಕ್ಕೆ ಒತ್ತುವ ಪದ್ಧತಿಯೇ ಇದೆ. ಎಲ್ಲ ಬಗೆಯ ಟ್ರಯಲ್‌ಗಳಲ್ಲೂ ಒಂದೇ ನಿಯಮವಲ್ಲ, ಕೇಳಿಕೊಂಡು ಕುಪ್ಪಳಿಸಿ. ಇಲ್ಲಿ ಕುಳಿತಾಗ ಸ್ಟೀರಿಂಗ್ ನೋಡಬೇಡಿ, ಡ್ರೈವರ್‌ನ ಬಲಗಾಲು ನೋಡಿ.

ಗಂಡ ಹೆಂಡತಿ ಜೋಡಿಗಳು ಈ ಆಟದಲ್ಲಿ ಬೇಕಾದಷ್ಟು. ಯಾರು ಓಡಿಸಬೇಕು, ಯಾರು ಕುಪ್ಪಳಿಸಬೇಕು ಎಂಬುದು ಮನೆಯ ವಿಚಾರ.

ಕಾರೂ ಇಲ್ಲ, ಪಕ್ಕದ ಸೀಟೂ ಸಿಗಲಿಲ್ಲ. ಇನ್ನೇನು ದಾರಿ?

ಮಾರ್ಷಲ್ ಆಗಿ. ಮಾರ್ಷಲ್‌ಗಳ ಕೊರತೆ ಇಲ್ಲದ ಕ್ಲಬ್ಬನ್ನು ನಾನಂತೂ ನೋಡಿಲ್ಲ. ಒಂದು ಏರಿನ ಮೇಲೆ ದಿನವಿಡೀ ನಿಂತು ಪ್ರತಿ ಕಾರು ಎಲ್ಲಿ ನಿಂತಿತು ಎಂದು ಬರೆದುಕೊಳ್ಳಬೇಕು. ಒಂದೇ ಕಲ್ಲು, ಒಂದೇ ಬೇರು, ಹತ್ತಾರು ಕೈಗಳು. ಮಧ್ಯಾಹ್ನದ ಹೊತ್ತಿಗೆ ಕಾರು ಬುಡದಲ್ಲಿರುವಾಗಲೇ ‘ಇದು 6ಕ್ಕೆ ನಿಲ್ಲುತ್ತದೆ’ ಎಂದು ಹೇಳಲು ಬರುತ್ತದೆ. ಮಳೆಗೆ ಗಟ್ಟಿ ಜಾಕೆಟ್ ಇರಲಿ.

ಹತ್ತಲಾಗದೆ ನಿಂತುಹೋದರೆ ಕೆಳಗೆ ಬರುವುದು ಹೇಗೆ?

ಹತ್ತುವುದನ್ನು ಕಲಿಯುವ ಮೊದಲು ಇದನ್ನು ಕಲಿಯಿರಿ, ಅದೂ ಹಳಬರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು. ಜನ ಗಾಯ ಮಾಡಿಕೊಳ್ಳುವುದು ಹೆಚ್ಚಾಗಿ ಇಲ್ಲೇ.

ನಿಂತ ಕೂಡಲೇ ಕಾಲಿನ ಬ್ರೇಕ್ ಬಿಗಿಯಾಗಿ ಒತ್ತಿ ಹಿಡಿಯಿರಿ. ಇಂಜಿನ್ ಆಫ್ ಆಗಿದ್ದರೆ ಎಚ್ಚರ: ಬ್ರೇಕಿಗೆ ಬಲ ಕೊಡುವ ಸರ್ವೋದಲ್ಲಿ ಒಂದೆರಡು ಬಾರಿ ಒತ್ತುವಷ್ಟು ಮಾತ್ರ ಶಕ್ತಿ ಉಳಿದಿರುತ್ತದೆ. ಬಿಟ್ಟು ಬಿಟ್ಟು ಒತ್ತಿದರೆ ಪೆಡಲ್ ಕಲ್ಲಾಗುತ್ತದೆ. ಮಾರ್ಷಲ್ ಸನ್ನೆ ಕಾಯಿರಿ. ರಿವರ್ಸ್ ಗೇರ್ ಹಾಕಿ, ಇಂಜಿನ್ ಶುರು ಮಾಡಿ, ಕ್ಲಚ್ ಪೂರ್ತಿ ಬಿಟ್ಟು, ಇಂಜಿನ್ನಿನ ಹಿಡಿತದಲ್ಲೇ ಹಿಮ್ಮುಖವಾಗಿ ಇಳಿಯಿರಿ. ಕ್ಲಚ್ ಒತ್ತಿಕೊಂಡು ಬರೀ ಬ್ರೇಕಿನಲ್ಲಿ ಇಳಿಯಬಾರದು. ಕಾರಣ ಇದು: ಏರಿನಲ್ಲಿ ಮುಖ ಮೇಲಾಗಿ ನಿಂತ ಕಾರಿನ ಭಾರ ಹಿಂದಿನ ಚಕ್ರಗಳ ಮೇಲಿರುತ್ತದೆ, ಬ್ರೇಕಿನ ಬಲ ಮಾತ್ರ ಹೆಚ್ಚಾಗಿ ಮುಂದಿನದಕ್ಕೆ ಹೋಗುತ್ತದೆ. ಹಗುರವಾದ ಮುಂದಿನ ಚಕ್ರ ಕಟ್ಟಿಕೊಂಡು ಜಾರುತ್ತದೆ, ಸ್ಟೀರಿಂಗ್ ತಿರುಗಿಸಿದರೂ ಮೂತಿ ಕೇಳುವುದಿಲ್ಲ, ಕಾರು ಅಡ್ಡಡ್ಡ ತಿರುಗುತ್ತದೆ. ಇಳಿಜಾರಿಗೆ ಅಡ್ಡವಾದ ಕಾರು ಮಗುಚುತ್ತದೆ. ಮೂತಿ ಜಾರಲು ಶುರುವಾದರೆ ಬ್ರೇಕನ್ನು ಒಂದು ಕ್ಷಣ ಸಡಿಲಿಸಿ ಚಕ್ರ ತಿರುಗಲು ಬಿಡಬೇಕು. ಜಾರುವಾಗ ಬ್ರೇಕ್ ಬಿಡುವುದಕ್ಕೆ ಮೈ ಒಪ್ಪುವುದಿಲ್ಲ, ಅದಕ್ಕೇ ಸಣ್ಣ ಇಳಿಜಾರಿನಲ್ಲಿ ಮಾಡಿ ಮಾಡಿ ರೂಢಿಸಿಕೊಳ್ಳಬೇಕು.

ಇಬ್ಬರು ಹಳಬರು ಎರಡು ಥರ ಹೇಳಿದರೆ ಯಾರ ಮಾತು ಕೇಳಲಿ?

ನಿಮ್ಮ ತರಹದ ಕಾರು ಇರುವವರ ಮಾತು. ಮೂರಕ್ಕೆ ಒಂದರ ಏರು ಅಂದರೆ ಸುಮಾರು 18 ಡಿಗ್ರಿ. ಅಷ್ಟು ವಾಲಿದಾಗ ಭಾರ ಹಿಂದಕ್ಕೆ ಹೋಗುತ್ತದೆ. ಫೋಕ್ಸ್‌ವ್ಯಾಗನ್ ಬೀಟಲ್, ಹಿಲ್‌ಮನ್ ಇಂಪ್‌ನಂಥ ಹಿಂದೆ ಇಂಜಿನ್ ಇರುವ ಕಾರುಗಳಿಗೆ ಅದು ವರ. ಮುಂದಿನ ಚಕ್ರ ಎಳೆಯುವ ಇಂದಿನ ಸಣ್ಣ ಕಾರುಗಳಿಗೆ ಅದೇ ಶಾಪ. ಬೇಕಾದ ಕಡೆಯೇ ಭಾರ ಇರುವುದಿಲ್ಲ. ಹಾಗಾಗಿ ಬೀಟಲ್‌ನವರು ‘ಆರಾಮಾಗಿ ಹೋಗಿ’ ಅಂದದ್ದನ್ನು ನಿಮ್ಮ ಫಿಯೆಸ್ಟಾದಲ್ಲಿ ಪಾಲಿಸಿದರೆ ಅರ್ಧಕ್ಕೇ ನಿಲ್ಲುತ್ತೀರಿ. ವರ್ಗಗಳನ್ನು ಬೇರೆ ಬೇರೆ ಮಾಡಿರುವುದೂ ಇದಕ್ಕೇ.

ದುಬಾರಿ ಕಾರು ಬೇಕಾ?

ಬೇಡ. ಈ ಆಟ ಮೊದಲಿನಿಂದಲೂ ಗುಜರಿ ಸಾಮಾನಿನಿಂದ ಕಾರು ಕಟ್ಟುವವರದು. ಲೋಟಸ್ ಕಂಪನಿಯ ಕಾಲಿನ್ ಚಾಪ್‌ಮನ್ ತಮ್ಮ ಮೊದಲ ಕಾರನ್ನು 1948ರಲ್ಲಿ ಹಳೆಯ ಆಸ್ಟಿನ್ ಸೆವೆನ್‌ನಿಂದ ಕಟ್ಟಿಕೊಂಡು ಓಡಿಸಿದ್ದು ಇಂಥ ಟ್ರಯಲ್‌ಗಳಲ್ಲೇ. 1952ರ ಮಾಂಟೆ ಕಾರ್ಲೊ ರ್‍ಯಾಲಿಯನ್ನು ತಮ್ಮದೇ ಹೆಸರಿನ ಕಾರಿನಲ್ಲಿ ಗೆದ್ದ ಸಿಡ್ನಿ ಅಲಾರ್ಡ್ ಕೂಡ ಕೆಸರಿನಲ್ಲೇ ಪಳಗಿದವರು. ನಿಮ್ಮ ಕಾರಿಗೆ ಮುಂದೆ ಹಿಂದೆ ಎಳೆಯುವ ಗಟ್ಟಿ ಕೊಕ್ಕೆ, ಅಲುಗಾಡದ ಬ್ಯಾಟರಿ, ಒಳ್ಳೆಯ ಹ್ಯಾಂಡ್‌ಬ್ರೇಕ್ ಇದ್ದರೆ ಸಾಕು. ಬಂಪರ್ ಮೇಲೆ ಪ್ರೀತಿ ಇದ್ದರೆ ಮಾತ್ರ ಬೇರೆ ಕಾರು ನೋಡಿ. ವಿಮೆ ಕಂಪನಿಗೆ ಮೊದಲೇ ತಿಳಿಸಿ.

ಊರಲ್ಲಿ ತೋಟದ ಜೀಪು ಓಡಿಸಿದ್ದೇನೆ. ಅದು ಉಪಯೋಗಕ್ಕೆ ಬರುತ್ತಾ?

ಅರ್ಧ ಬರುತ್ತದೆ. ಸಕಲೇಶಪುರ, ಕೊಡಗಿನ ಕಡೆ ಮಳೆಗಾಲದಲ್ಲಿ ಜೀಪು ಇಳಿಸಿದವರಿಗೆ ಇಂಜಿನ್ನಿನ ಹಿಡಿತದಲ್ಲಿ ಇಳಿಯುವುದು, ಕೆಂಪು ಕೆಸರಿನಲ್ಲಿ ಗಾಬರಿಯಾಗದಿರುವುದು ಗೊತ್ತೇ ಇರುತ್ತದೆ. ನಾಲ್ಕೂ ಚಕ್ರದ ಎಳೆತ, ಲೋ ಗೇರ್ ನಂಬಿದ ಅಭ್ಯಾಸವನ್ನು ಮಾತ್ರ ಬಿಡಬೇಕಾಗುತ್ತದೆ. ಇಲ್ಲಿ ಹೆಚ್ಚಿನ ಕಾರುಗಳಿಗೆ ಎಳೆಯುವುದು ಎರಡೇ ಚಕ್ರ. ನಮ್ಮ ಕಡೆಯ ಆಫ್‌ರೋಡ್ ಸ್ಪರ್ಧೆಗಳಲ್ಲಿ ಸಿಕ್ಕಿಕೊಂಡರೆ ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ) ಹಾಕಿ ಎಳೆದು ಮುಂದುವರಿಯುವುದುಂಟು. ಇಲ್ಲಿ ನಿಂತರೆ ಆ ಏರು ಅಲ್ಲಿಗೆ ಮುಗಿಯಿತು.

ಹತ್ತಿರದ ಯಾವುದಾದರೂ ಗುಡ್ಡದಲ್ಲಿ ಒಬ್ಬನೇ ಅಭ್ಯಾಸ ಮಾಡಬಹುದಾ?

ಬೇಡ. ಖಾಲಿ ಕಂಡ ಜಾಗಕ್ಕೂ ಇಲ್ಲಿ ಒಡೆಯರಿದ್ದಾರೆ. 2006ರ ಕಾಯ್ದೆಯ ನಂತರ ಇಂಗ್ಲೆಂಡಿನ ಹಲವು ಹಳೆಯ ಮಣ್ಣುದಾರಿಗಳಲ್ಲಿ ಮೋಟಾರು ಗಾಡಿ ಓಡಿಸುವ ಹಕ್ಕೇ ಹೋಗಿದೆ. ಟ್ರಯಲ್‌ನ ಏರುಗಳಲ್ಲಿ ಮೊದಲೇ ಹೋಗಿ ಅಭ್ಯಾಸ ಮಾಡಿದರೆ, ಒಬ್ಬರ ಆಸೆಗೆ ಕ್ಲಬ್‌ಗೆ ಆ ಗುಡ್ಡವೇ ತಪ್ಪಿಹೋಗಬಹುದು. ಹಳಬರು ಸುಲಭವಾಗಿ ಕ್ಷಮಿಸದ ತಪ್ಪು ಇದೊಂದೇ. ಪರಿಚಯದ ರೈತರಿದ್ದು, ಅವರು ಹೂಂ ಅಂದರೆ ಮಾತ್ರ ಅವರ ಹೊಲದಲ್ಲಿ ಆಗಬಹುದು.

ಲೈಸೆನ್ಸ್ ಏನು ಬೇಕು?

ಕ್ಲಬ್ ಸದಸ್ಯತ್ವ ಬೇಕು. ಜೊತೆಗೆ ಮೋಟರ್‌ಸ್ಪೋರ್ಟ್ ಯುಕೆ ಸಂಸ್ಥೆಯ ಅಡಿಯಲ್ಲಿ ನಡೆಯುವ ಟ್ರಯಲ್‌ಗಳಿಗೆ ಆರ್‌ಎಸ್ ಕ್ಲಬ್‌ಮನ್ ಎಂಬ ಆರಂಭದ ದರ್ಜೆಯ ಲೈಸೆನ್ಸ್, ಅರ್ಜಿ ಆನ್‌ಲೈನ್‌ನಲ್ಲೇ. ಇಲ್ಲಿಗೆ ಬಂದು ನೆಲೆಸಿದ ಮೊದಲ 12 ತಿಂಗಳು ಭಾರತದ ಡ್ರೈವಿಂಗ್ ಲೈಸೆನ್ಸ್‌ನಲ್ಲಿ ರಸ್ತೆಯಲ್ಲಿ ಓಡಿಸಬಹುದು, ಆಮೇಲೆ ಇಲ್ಲಿನದು ಬೇಕು. ಪಕ್ಕದಲ್ಲಿ ಕೂರುವವರಿಗೆ ಡ್ರೈವಿಂಗ್ ಲೈಸೆನ್ಸ್ ಬೇಕಿಲ್ಲ.

ಮೊದಲ ದಿನ ಏನೇನು ತೆಗೆದುಕೊಂಡು ಹೋಗಲಿ?

ಗಾಳಿ ಅಳೆಯುವ ಒಳ್ಳೆಯ ಗೇಜ್, ಕಾರಿನ ಬ್ಯಾಟರಿಯಿಂದ ಓಡುವ ಪಂಪ್, ಎಳೆಯುವ ಹಗ್ಗ, ಗಮ್‌ಬೂಟು, ಒಣಗಿದ ಇನ್ನೊಂದು ಜೊತೆ ಶೂ. ಕೆಸರಾದ ಗಮ್‌ಬೂಟಿನಲ್ಲಿ ಪೆಡಲ್ ಜಾರುತ್ತದೆ, ಓಡಿಸುವಾಗ ತೆಳು ಅಟ್ಟೆಯ ಶೂ ಹಾಕಿಕೊಳ್ಳಿ. ಮನೆಯಿಂದ ಹೊರಡುವಾಗಲೇ ಡಿಕ್ಕಿ, ಸೀಟಿನ ಅಡಿ ಎಲ್ಲ ಖಾಲಿ ಮಾಡಿ. ಕಡಿದಾದ ಏರಿನಲ್ಲಿ ನೀರಿನ ಬಾಟಲಿ ಉರುಳಿ ಬಂದು ಪೆಡಲ್ ಅಡಿಗೆ ಸಿಕ್ಕಿಕೊಂಡೀತು. ತಿನ್ನಲು ಏನಾದರೂ ಕಟ್ಟಿಕೊಳ್ಳಿ, ಸಾಲಿನಲ್ಲಿ ನಿಂತವರಿಗೂ ಸಾಲುವಷ್ಟು. ಚಕ್ಕುಲಿ, ಕೋಡುಬಳೆಯಂಥ ಕರಿದ ತಿಂಡಿ ಆದರೆ ಒಳ್ಳೆಯದು.